ಒಂಬತ್ತನೇ ಸಾಲು

ಹೊಸದಾಗಿ ಈ ಕೆಲಸಕ್ಕೆ ಬರುವವರು ನನ್ನನ್ನು ಕಂಡಾಗ ಕೇಳುವುದು ಒಂದೇ ಮಾತು: ಈಗ ಏನು ಕಲಿತರೆ ಬೇಡಿಕೆ ಇದೆ? ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಾನು ಕಷ್ಟಪಟ್ಟು ಕಲಿತದ್ದೆಲ್ಲ ಐದಾರು ವರ್ಷಕ್ಕೊಮ್ಮೆ ಹಳತಾಗಿ ಹೋಯಿತು. ಹಳತಾಗದೆ ಉಳಿದದ್ದು ಒಂದು ವಹಿ, ಇನ್ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ಕು. ಅದರ ಒಂದು ಪುಟದ ಅಂಚಿನಲ್ಲಿ ಅಡ್ಡಲಾಗಿ ಬರೆದ ಒಂದು ಸಾಲಿದೆ. ಆ ಸಾಲಿನ ವಿಷಯ ಹೇಳಿಬಿಡಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಈಗ ಕೈಯಲ್ಲಿ ಸಮಯವಿದೆ.

ಮೊದಲು ನನ್ನ ಕೆಲಸ ಏನಾಗಿತ್ತು ಎಂದು ಹೇಳುತ್ತೇನೆ. ಸೊಲ್ಲಾಪುರದ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ನಾನು ಬ್ಯಾಕೆಂಡ್ ನೋಡಿಕೊಳ್ಳುತ್ತಿದ್ದೆ. ಟವೆಲ್ ಕಾರ್ಖಾನೆ, ಗೋದಾಮು, ಆಸ್ಪತ್ರೆ ಇವರಿಗೆಲ್ಲ ನಾವು ವೆಬ್ ಅಪ್ಲಿಕೇಶನ್ ಮಾಡಿ ಕೊಡುತ್ತಿದ್ದೆವು. ಜನ ಮೊಬೈಲಿನಲ್ಲಿ ನೋಡುವ ಬಣ್ಣದ ಪುಟ ಬೇರೆಯವರದು. ಆ ಪುಟದ ಹಿಂದೆ ನಿಂತು ಮಾಹಿತಿ ಕೊಡುವ, ಬರೆದುಕೊಳ್ಳುವ, ಸಂದೇಶ ಕಳಿಸುವ ಪ್ರೋಗ್ರಾಂ ನನ್ನದು. ಯಾರಾದರೂ ಹೊಸಬರು ಬಂದರೆ ಅವರ ಮೊದಲ ಕೆಲಸ ಈ ಹಿಂದಿನ ಸಂಸಾರವನ್ನೆಲ್ಲ ತಮ್ಮ ಕಂಪ್ಯೂಟರಿನಲ್ಲಿ ಇನ್ನೊಮ್ಮೆ ಹೂಡುವುದು. ಇದಕ್ಕೆ ಲೋಕಲ್ ಸೆಟಪ್ ಎನ್ನುತ್ತಾರೆ.

ಅಕ್ಕಲಕೋಟ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಪ್ಪ ಜೋಳ ಬಿತ್ತುವ ಮೊದಲು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದ. ಎಷ್ಟು ಮೊಳೆತವು ನೋಡಿ ಆಮೇಲೆ ಬೀಜ ಹೊಲಕ್ಕೆ ಹೋಗುತ್ತಿತ್ತು. ಲೋಕಲ್ ಸೆಟಪ್ ಎಂದರೆ ಆ ಒದ್ದೆ ಬಟ್ಟೆ. ಅಲ್ಲಿ ಏನು ಕೆಟ್ಟರೂ ಹೊಲಕ್ಕೆ ತಾಗಬಾರದು.

ಬರೆದಿಡುವ ಅಭ್ಯಾಸ ಹಿಡಿಸಿದವರು ನನ್ನ ಮೊದಲ ಮೇಲಧಿಕಾರಿ ಕುಲಕರ್ಣಿ ಸರ್. ಆಗ ನಾನು ಒಂದು ಬಟ್ಟೆ ಮಿಲ್ಲಿನ ಕಂಪ್ಯೂಟರ್ ಕೋಣೆಯಲ್ಲಿದ್ದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು, ದೇವರ ಮನೆಗೆ ಹೋದ ಹಾಗೆ. ಒಮ್ಮೆ ಒಂದು ಪ್ರೋಗ್ರಾಂ ಸರಿಯಾಗಿ ಹೂಡಿದೆ. ಮರುವಾರ ಇನ್ನೊಂದು ಯಂತ್ರದಲ್ಲಿ ಅದನ್ನೇ ಹೂಡಲು ಹೋದರೆ ಏನು ಮಾಡಿದ್ದೆ ಎಂಬುದೇ ನೆನಪಾಗಲಿಲ್ಲ. ಸರ್ ಬೈಯಲಿಲ್ಲ.

"ಮಾಡೂ ಮುಂದ ಬರೀಬೇಕು ನೋಡವಾ," ಎಂದರು. "ಮಾಡಿದ ಮ್ಯಾಲ ಬರದದ್ದು ನಮ್ಮ ಮನಸಿಗೆ ಬಂದಂಗ ಇರ್ತದ."

ಮರುದಿನವೇ ವಹಿ ತಂದೆ. ಏಳನೆಯ ತರಗತಿಯವರೆಗೆ ನಾನು ಊರಿನ ಕನ್ನಡ ಶಾಲೆಯಲ್ಲಿ ಓದಿದವಳು. ಮರಾಠಿ ಆಮೇಲೆ ಹೈಸ್ಕೂಲಿನಲ್ಲಿ ಬಂತು, ಇಂಗ್ಲಿಷ್ ಅದಕ್ಕೂ ಆಮೇಲೆ. ಆದ್ದರಿಂದ ಆಜ್ಞೆಗಳನ್ನು ಇಂಗ್ಲಿಷಿನಲ್ಲಿ ಬರೆದರೂ ಅವುಗಳ ಮೇಲಿನ ಟಿಪ್ಪಣಿ ಕನ್ನಡದಲ್ಲೇ ಇಳಿಯುತ್ತಿತ್ತು. ಯಾರೂ ಬೇಡ ಎನ್ನಲಿಲ್ಲ. ವಹಿ ನನ್ನದು, ಓದುವವಳೂ ನಾನೇ ಎಂದು ಇಪ್ಪತ್ತು ವರ್ಷ ಹಾಗೇ ನಡೆಯಿತು.

ಆ ವಹಿಯ ಒಂದೊಂದು ಸಾಲಿನ ಹಿಂದೆ ನನ್ನ ಒಂದೊಂದು ಮೂರ್ಖತನವಿದೆ. ಒಂದನ್ನು ಹೇಳುತ್ತೇನೆ. ಸೊಲ್ಲಾಪುರದ ಹೊರಗಿನ ಚಿಂಚೋಳಿ ಕೈಗಾರಿಕಾ ಪ್ರದೇಶದ ಒಂದು ಟವೆಲ್ ಕಾರ್ಖಾನೆಯಲ್ಲಿ ಯಾವ ಮಗ್ಗಕ್ಕೆ ಯಾವ ಆರ್ಡರು ಎಂದು ತೋರಿಸುವ ಪ್ರೋಗ್ರಾಂ ನಮ್ಮದಿತ್ತು. ಅವರ ಆಫೀಸಿನಲ್ಲೇ ಕುಳಿತು ಹೊಸದಾಗಿ ಹೂಡಿದೆ. ನಾನು ಏನು ತಿದ್ದಿದರೂ ಪುಟದಲ್ಲಿ ಮಾತ್ರ ಹಳೆಯದೇ ಕಾಣುತ್ತಿತ್ತು. ಶಿಫ್ಟ್ ನೋಡಿಕೊಳ್ಳುತ್ತಿದ್ದ ರಜಾಕಭಾಯಿ ಬಾಗಿಲಲ್ಲಿ ನಿಂತು, "ಮೇಡಮ್, ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಲಾ," ಎಂದರು. ಮಗ್ಗ ನಡೆಸುವವರಿಗೆ ಇದೇನು ತಿಳಿಯುತ್ತದೆ ಎಂದು ನಾನು ತಲೆ ಎತ್ತಲೂ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೆಯ ದಿನ ಕರೆಂಟು ಹೋಗಿ ಬಂತು, ಎಲ್ಲ ಸರಿಯಾಯಿತು. ಯಾರೋ ಹಿಂದೆಂದೋ ಚಾಲೂ ಮಾಡಿ ಬಿಟ್ಟಿದ್ದ ಹಳೆಯ ಪ್ರತಿಯೊಂದು ಒಳಗೇ ಓಡುತ್ತಿತ್ತು. ಪುಟ ಕೇಳಿದ್ದಕ್ಕೆಲ್ಲ ಅದೇ ಉತ್ತರ ಕೊಡುತ್ತಿತ್ತು, ನನ್ನದು ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ರಜಾಕಭಾಯಿ ಚಹಾ ಕಳಿಸಿದರು. ಅವತ್ತು ವಹಿಯಲ್ಲಿ ಲೋಕಲ್ ಸೆಟಪ್ಪಿನ ಪುಟಕ್ಕೆ ಮೊದಲ ಸಾಲು ಬರೆದೆ: ಏನು ಮೊದಲೇ ಓಡುತ್ತಿದೆ ನೋಡು.

ಇಂಥ ತಪ್ಪುಗಳನ್ನು ನಗುತ್ತ ಹೇಳಬಹುದು. ಇನ್ನೊಂದು ಹಾಗಲ್ಲ.

ಸೊಲ್ಲಾಪುರದ ಒಂದು ಆಸ್ಪತ್ರೆಗೆ ನಾವು ರೋಗಿಗಳ ತಪಾಸಣೆಯ ದಿನ ನೆನಪಿಸುವ ವ್ಯವಸ್ಥೆ ಮಾಡಿಕೊಟ್ಟಿದ್ದೆವು. ಹಿಂದಿನ ದಿನ ಸಂಜೆ ಅವರ ಮೊಬೈಲಿಗೆ ಮರಾಠಿಯಲ್ಲಿ ಒಂದು ಸಂದೇಶ ಹೋಗುತ್ತಿತ್ತು: ಇಂಥವರು ನಾಳೆ ಹತ್ತು ಗಂಟೆಗೆ ತಪಾಸಣೆಗೆ ಬರಬೇಕು. ಓದಲು ಬಾರದವರೂ ಅಂಗಡಿಯವರಿಂದ ಓದಿಸಿಕೊಂಡು ಬರುತ್ತಿದ್ದರು. ಒಳ್ಳೆಯ ಕೆಲಸ ಎಂಬ ಹೆಮ್ಮೆ ನನಗಿತ್ತು.

ಇದರಲ್ಲಿ ಏನಾದರೂ ತಿದ್ದಬೇಕಾದಾಗ ನಾವು ಆಸ್ಪತ್ರೆಯ ನಿಜವಾದ ಮಾಹಿತಿಯ ಒಂದು ಪ್ರತಿ ತಂದು ನಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುತ್ತಿದ್ದೆವು. ನಾವೇ ಕಟ್ಟಿದ ಸುಳ್ಳು ಹೆಸರುಗಳಿಂದ ಕೆಲಸ ಆಗುತ್ತಿರಲಿಲ್ಲ. ನಮ್ಮ ಕಡೆ ಒಂದೇ ಮನೆಯಲ್ಲಿ ಅಜ್ಜನ ಹೆಸರಿನ ಮೂವರು ಮೊಮ್ಮಕ್ಕಳಿರುತ್ತಾರೆ, ಇಡೀ ಓಣಿಗೆ ಕಿರಾಣಿ ಅಂಗಡಿಯವನ ಒಂದೇ ನಂಬರು ಇರುತ್ತದೆ. ಪ್ರೋಗ್ರಾಂ ಎಡವುತ್ತಿದ್ದದ್ದು ಇಂಥ ಕಡೆಯೇ. ಅದಕ್ಕೇ ನಿಜವಾದ ಪ್ರತಿ. ಹೀಗೆ ಮಾಡುವುದು ತಪ್ಪು ಎಂದು ಈಗ ಯಾರಾದರೂ ಹೇಳುತ್ತಾರೆ. ಆಗ ನಮ್ಮ ಆಫೀಸಿನಲ್ಲಿ ಅದು ರೂಢಿಯಾಗಿತ್ತು, ಹಾಕಿಕೊಟ್ಟವಳು ನಾನೇ.

ಅಪಾಯ ನನಗೆ ಗೊತ್ತಿರಲಿಲ್ಲ ಎಂದಲ್ಲ. ಮಾಹಿತಿ ನಮ್ಮ ಯಂತ್ರದೊಳಗೇ ಇರುತ್ತದೆ. ಆದರೆ ಸಂದೇಶ ಹೊರಗೆ ಹೋಗುತ್ತದೆ. ಆದ್ದರಿಂದ ವಹಿಯಲ್ಲಿ ಹಳೆಯ ಒಂಬತ್ತನೇ ಸಾಲನ್ನು ಹೊಡೆದು ಹಾಕಿ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಲಾಗಿ ಬರೆದಿದ್ದೆ: ಚಾಲೂ ಮಾಡುವ ಮೊದಲು ಸೆಟ್ಟಿಂಗ್ ಫೈಲಿನಲ್ಲಿ ಸಂದೇಶ ಬಂದ್ ಮಾಡು.

ಆ ವರ್ಷ ವೈಶಾಲಿ ನಮ್ಮಲ್ಲಿ ಕೆಲಸಕ್ಕೆ ಸೇರಿದಳು. ಈ ಬರಹದಲ್ಲಿ ಬರುವವರ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ವೈಶಾಲಿ ಸೊಲ್ಲಾಪುರದ ವ್ಯಾಪಾರಿ ಮನೆತನದ ಹುಡುಗಿ, ಬಹಳ ಚುರುಕು, ಮನೆಯಲ್ಲಿ ಕನ್ನಡ ಮಾತು. ಆದರೆ ಕಲಿತದ್ದು ಮರಾಠಿ ಶಾಲೆ. ಕನ್ನಡ ಅಕ್ಷರ ಒಂದೂ ಬಾರದು. ಸೇರಿದ ವಾರ ನನ್ನ ವಹಿ ತೆರೆದು ನೋಡಿ ಪೆಚ್ಚಾದಳು.

"ಅಕ್ಕಾರ, ಇದು ನನಗ ವಾಚಾಕ ಬರೂದಿಲ್ರಿ. ನೀವು ಹೇಳ್ರಿ, ನಾ ಮರಾಠಿಯೊಳಗ ಬರಕೋತೀನಿ."

ಒಂದು ಮಂಗಳವಾರ ಮಧ್ಯಾಹ್ನ ಪಕ್ಕದಲ್ಲಿ ಕೂರಿಸಿಕೊಂಡು ಓದಿದೆ. ಏನು ಮೊದಲೇ ಓಡುತ್ತಿದೆ ನೋಡು, ಡೇಟಾಬೇಸ್ ಹಾಕು, ಪ್ರೋಗ್ರಾಂ ಇಳಿಸಿಕೋ, ಸೆಟ್ಟಿಂಗ್ ಫೈಲಿನ ಪ್ರತಿ ಮಾಡು, ಹೀಗೆ. ಸಾಲಿನ ಅಂಕಿ ಹೇಳುತ್ತಿರಲಿಲ್ಲ, "ಮುಂದ ಬರಿ" ಎನ್ನುತ್ತಿದ್ದೆ. ಎಂಟನೆಯದು ಮುಗಿದಾಗ ಒಂದು ಫೋನು ಬಂತು. ಮಾತಾಡಿ ಇಟ್ಟು ಪುಟದ ಮೇಲೆ ಬೆರಳಿಟ್ಟೆ. ಬೆರಳು ಹತ್ತನೆಯದಕ್ಕೆ ಹೋಯಿತು. ಅಂಚಿನ ಸಾಲು ನನಗೆ ಬಾಯಿಪಾಠ, ಎಂದೂ ಕಣ್ಣಿಂದ ಓದಿದ್ದಲ್ಲ. ಅವಳಿಗೆ ಪುಟ ಕಾಣುತ್ತಿತ್ತು, ಆದರೆ ಅಡ್ಡ ಬರೆದದ್ದು ಅವಳ ಕಣ್ಣಿಗೆ ಬರೀ ಗೀಚು.

ಗುರುವಾರ ಒಂದೇ ಸಲಕ್ಕೆ ಎಲ್ಲ ಸರಿಯಾಗಿ ಚಾಲೂ ಆಯಿತು. ಅವಳ ಮುಖ ಅರಳಿತು. ನೆನಪಿನ ಸಂದೇಶದ ಭಾಗವನ್ನೇ ತಿದ್ದುವ ಕೆಲಸ ಅವಳಿಗೆ ಕೊಟ್ಟಿದ್ದೆ. ಪರೀಕ್ಷೆ ಮಾಡಲು ಅವಳು ತನ್ನ ಪ್ರತಿಯಲ್ಲಿ ಕೆಲವರ ತಪಾಸಣೆಯ ದಿನವನ್ನು ನಾಳೆ ಎಂದು ಬದಲಿಸಿದಳು. ಅದು ಸರಿಯಾದ ಕ್ರಮವೇ. ಆ ಪ್ರತಿ ಮೂರು ತಿಂಗಳ ಹಳೆಯದು. ನಾಲ್ಕು ಗಂಟೆಗೆ ಮೂವತ್ತೆಂಟು ಮನೆಗಳಿಗೆ ಸಂದೇಶ ಹೋಯಿತು.

ಅರ್ಧ ಗಂಟೆಯಲ್ಲಿ ಆಸ್ಪತ್ರೆಯಿಂದ ಫೋನು ಬಂತು. ತಪಾಸಣೆ ಮುಗಿದವರೆಲ್ಲ ಯಾಕೆ ಕರೆದಿದ್ದೀರಿ ಎಂದು ಕೇಳುತ್ತಿದ್ದಾರೆ, ಏನಿದು? ನಮ್ಮ ಮಾಲೀಕರು ಜವಳಿ ವ್ಯಾಪಾರದ ಮನೆಯಿಂದ ಬಂದವರು, ಎಲ್ಲರೂ ವೀರೇಶ ಸಾವಕಾರ್ರು ಎನ್ನುತ್ತಿದ್ದೆವು. ದನಿ ಏರಿಸುವವರಲ್ಲ. ಅವತ್ತೂ ಏರಿಸಲಿಲ್ಲ.

"ಯಾರ ಮಶೀನಿಂದ ಹೋಗ್ಯಾವು?"

"ನಂದ್ರಿ," ಎಂದಳು ವೈಶಾಲಿ. "ಮೆಸೇಜ್ ಬಂದ್ ಮಾಡೂದು ಅಕ್ಕಾರು ಹೇಳಿದ್ದಾರು, ನಾನ ಬರಕೊಳ್ಳೂದು ಮರತೀನಿ ಅನಸ್ತೈತ್ರಿ."

ಅವಳ ಹಾಳೆ ಮೇಜಿನ ಮೇಲೆಯೇ ಇತ್ತು. ನಾನು ಮರಾಠಿ ಓದಬಲ್ಲೆ. ಅವಳ ಎಂಟನೆಯದು ನನ್ನ ಎಂಟನೆಯದು, ಅವಳ ಒಂಬತ್ತನೆಯದು ನನ್ನ ಹತ್ತನೆಯದು. ಅವಳು ಮರೆತಿರಲಿಲ್ಲ. ನಾನು ಓದಿರಲಿಲ್ಲ. ಫೋನು ಬಂದದ್ದೂ, ಬೆರಳು ಹಾರಿದ್ದೂ ಕಣ್ಣ ಮುಂದೆ ಬಂತು.

ನಾನು ಬಾಯಿ ಬಿಡಲಿಲ್ಲ. ನಿವೃತ್ತಿಗೆ ಐದು ವರ್ಷ ಉಳಿದಿತ್ತು. ಈ ಆಫೀಸಿನಲ್ಲಿ ನನ್ನ ತಪ್ಪನ್ನು ಯಾರೂ ತೋರಿಸಿದ್ದಿಲ್ಲ. ನಾಚಿಕೆಯೋ ಸೊಕ್ಕೋ, ಎರಡೂ ಇದ್ದವು.

ಸಾವಕಾರ್ರು ಹೇಳಿದರು: "ನಾಳೆ ಮುಂಜಾನಿ ಇಬ್ರೂ ದವಾಖಾನಿಗಿ ಹೋಗ್ರಿ. ಬಂದವರ ಮುಂದ ನಿಂತು ಮಾಫಿ ಕೇಳ್ರಿ. ಆಮ್ಯಾಲ ವೈಶಾಲಿ, ನೀ ಇಲ್ಲಿ ಬರೂದು ಬ್ಯಾಡವಾ."

ಅವಳು ತಲೆ ತಗ್ಗಿಸಿಕೊಂಡು ತನ್ನ ಚೀಲ ತುಂಬಿಕೊಂಡಳು. ನಾನು ನೋಡುತ್ತ ನಿಂತಿದ್ದೆ.

ಮರುದಿನ ಒಂಬತ್ತಕ್ಕೇ ನಾವಿಬ್ಬರೂ ಆಸ್ಪತ್ರೆಯ ನೋಂದಣಿ ಖಿಡಕಿಯ ಪಕ್ಕ ನಿಂತೆವು. ಸಂದೇಶ ಹೋದವರ ಪಟ್ಟಿ ಗುಮಾಸ್ತರ ಕೈಯಲ್ಲಿತ್ತು. ಫೋನಿನಲ್ಲಿ ಸಿಕ್ಕವರಿಗೆ ಅವರು ಸಂಜೆಯೇ ಬೇಡವೆಂದು ಹೇಳಿದ್ದರು. ಸಿಗದವರು ಬಂದಿದ್ದರು. ಕೆಲವರು ನಕ್ಕು ಹೋದರು. ಬೀಡಿ ಕಟ್ಟುವ ಒಬ್ಬ ಹೆಂಗಸು ಮಾತ್ರ ಬಿಡಲಿಲ್ಲ. "ಮುಂಜಾನಿಂದ ಎಲಿ ತಂಬಾಕಿನ ಸೂಪ ಬಿಟ್ಟು ಬಂದೀನಿ. ಇವತ್ತಿನ ಬೀಡಿ ನೀವು ಕಟ್ತೀರೇನು?" ಎಂದು ಇಬ್ಬರನ್ನೂ ಬೈದಳು. ವೈಶಾಲಿ ಕೈ ಮುಗಿದಳು. ಪ್ರತಿಯೊಬ್ಬರಿಗೂ ಅವಳೇ ಮುಂದಾಗಿ, ತಪ್ಪು ನನ್ನದು ಎನ್ನುತ್ತಿದ್ದಳು. ನಾನು ಅವಳ ಹಿಂದೆ ನಿಂತಿದ್ದೆ.

ಹತ್ತಕ್ಕೆ ಸರಿಯಾಗಿ ಒಬ್ಬರು ಹಿರಿಯರು ಬಂದರು. ಬಿಳಿ ಧೋತರ, ಟೋಪಿ, ಕೈಯಲ್ಲಿ ಹಳೆಯ ಕಾಗದಗಳಿದ್ದ ಪ್ಲಾಸ್ಟಿಕ್ ಚೀಲ. ಗುಮಾಸ್ತರು ಅವರು ತೋರಿಸಿದ ಕಾಗದವನ್ನೂ ಪಟ್ಟಿಯನ್ನೂ ನೋಡಿ, "ಗೌರಾಬಾಯಿ, ಊರು ಬೋರಾಮಣಿ. ಪೇಶಂಟ್ ಎಲ್ಲಿ?" ಎಂದರು.

"ನಾ ಬಂದೀನ್ರಿ. ಆಕಿ ನನ್ನ ಮನ್ಯಾಕಿ."

"ಪೇಶಂಟ್ ಬೇಕಲ್ರಿ ಕಾಕಾ."

"ಆಕಿ ಇಲ್ರಿ. ತೀರಿಕೊಂಡು ಎರಡ ತಿಂಗಳಾತು."

ಗುಮಾಸ್ತರ ಪೆನ್ನು ಅಲ್ಲೇ ನಿಂತಿತು. ವೈಶಾಲಿ ಒಂದು ಹೆಜ್ಜೆ ಮುಂದೆ ಹೋಗಿ ಮೆಲ್ಲಗೆ ಕೇಳಿದಳು, "ಮತ್ತ ನೀವ್ಯಾಕ ಬಂದ್ರಿ ಕಾಕಾ?"

ಅವರು ಅವಳನ್ನು ನೋಡಿದರು. ಸಿಟ್ಟಿರಲಿಲ್ಲ.

"ಮೆಸೇಜ್ ಬಂತಲ್ಲವಾ. ಸುಗ್ಗ್ಯಾಗ ಇಂಥಾದ್ದ ಒಂದು ಬಂದಿತ್ತು. ಜ್ವಾಳದ ರಾಶಿ ನಡದಿತ್ತು. ಎರಡ ದಿನಾ ತಡಿ, ಹೋಗೂಣು ಅಂದೆ. ಆಕೀನೂ ಹೂಂ ಅಂದ್ಲು. ಎರಡ ದಿನಾ ಹೋಗಿ ಎಂಟ ದಿನಾ ಆದುವು. ಕರಕೊಂಡು ಬರೂದ್ರಾಗ ಭಾಳ ಆಗಿಬಿಟ್ಟಿತ್ತು." ಚೀಲವನ್ನು ಖಿಡಕಿಯ ಕಟ್ಟೆಯ ಮೇಲೆ ಇಟ್ಟರು. "ಈ ಸಲ ತಡಾ ಮಾಡಬಾರದು ಅಂತ ಮೊದಲನೇ ಎಸ್‌ಟಿ ಬಸ್ಸಿಗೇ ಬಂದೆ. ಆಕಿದು ಏನಾರ ರಿಪೋರ್ಟ್ ಉಳದಿತ್ತೇನ್ರಿ?"

ಏನೂ ಉಳಿದಿಲ್ಲ, ಸಂದೇಶ ತಪ್ಪಿ ಬಂದದ್ದು ಎಂದು ಗುಮಾಸ್ತರು ಹೇಗೋ ಹೇಳಿದರು.

"ತಪ್ಪಿ ಅಂದ್ರ? ಯಾರ ಚೂಕ್ ಆಗೇತ್ರಿ?"

"ನಂದ್ರಿ ಕಾಕಾ," ಎಂದಳು ವೈಶಾಲಿ. ಅಷ್ಟು ಹೊತ್ತೂ ಅದನ್ನೇ ಹೇಳಿ ಹೇಳಿ ಅವಳ ಬಾಯಿಗೆ ಅದು ರೂಢಿಯಾಗಿಬಿಟ್ಟಿತ್ತು.

ಅಲ್ಲಿ ನನಗೆ ತಡೆಯಲಾಗಲಿಲ್ಲ. ಒಬ್ಬ ಮನುಷ್ಯ ಎಂಟು ದಿನ ತಡ ಮಾಡಿದ್ದನ್ನು ಹತ್ತು ಜನರ ಮುಂದೆ ನಿಂತು ಹೇಳಿದ್ದ. ನಾನು ಒಂದು ಸಾಲು ಬಿಟ್ಟದ್ದನ್ನು ಹೇಳಲಾಗದೆ ನಿಂತಿದ್ದೆ.

"ಅಲ್ರಿ," ಎಂದೆ. "ಈಕೀದಲ್ಲ. ನಾ ಓದಿ ಹೇಳಬೇಕಿತ್ತು, ಬಿಟ್ಟೆ. ಈಕಿಗೆ ಆ ಅಕ್ಷರ ಬರೂದಿಲ್ಲ. ಚೂಕ್ ನಂದು."

ವೈಶಾಲಿ ತಿರುಗಿ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಇಲ್ಲಿ ಬರೆಯಲಾರೆ. ಹಿರಿಯರು ಇಬ್ಬರನ್ನೂ ಒಮ್ಮೆ ನೋಡಿ, "ಆತು ಬಿಡ್ರಿ," ಎಂದು ಚೀಲ ಎತ್ತಿಕೊಂಡರು. ಎರಡು ಹೆಜ್ಜೆ ಹೋದವರು ಮತ್ತೆ ಖಿಡಕಿಗೆ ಬಂದರು.

"ಆಕಿ ಕಡಿಂದ ಬಂದಿದ್ರು ಅಂತ ಬರಕೋರಿ," ಎಂದು ಗುಮಾಸ್ತರಿಗೆ ಹೇಳಿದರು.

ಗುಮಾಸ್ತರು ಗೌರಾಬಾಯಿಯ ಕಾಗದ ತೆಗೆದುಕೊಂಡು, ಬೆನ್ನಿಗೆ ಅಂದಿನ ತಾರೀಖು ಹಾಕಿ, ಹಾಜರ್ ಎಂದು ಬರೆದು ಶಿಕ್ಕಾ ಹೊಡೆದು ಕೊಟ್ಟರು. ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಅವರು ಹೋದರು.

ವೈಶಾಲಿ ಆಟೋ ನಿಲ್ಲುವ ಜಾಗದವರೆಗೆ ನನ್ನ ಮುಂದೆ ನಡೆದಳು. ಅಲ್ಲಿ ನಿಂತು ಕೇಳಿದಳು, "ನಿನ್ನಿ ಯಾಕ ಹೇಳಲಿಲ್ರಿ ಅಕ್ಕಾರ?"

"ಅಂಜಿದೆ," ಎಂದೆ.

"ರಾತ್ರಿ ಅವ್ವಗ ನನ್ನ ಚೂಕ್ ಅಂತ ಹೇಳೀನ್ರಿ," ಎಂದಳು. ಒಬ್ಬಳೇ ಆಟೋ ಹತ್ತಿ ಮನೆಗೆ ಹೋದಳು.

ನಾನು ಆಫೀಸಿಗೆ ಹೋಗಿ ಸಾವಕಾರ್ರ ಮುಂದೆ ವಹಿ ಮತ್ತು ಅವಳ ಹಾಳೆ ಎರಡನ್ನೂ ಇಟ್ಟೆ. ನಡೆದದ್ದನ್ನು ಬಿಡದೆ ಹೇಳಿದೆ. ನಿನ್ನೆಯೇ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಅವರು ಬಹಳ ಹೊತ್ತು ಸಾಲುಗಳನ್ನು ಬೆರಳಿಂದ ಹೋಲಿಸುತ್ತಿದ್ದರು.

"ಇಷ್ಟ ವರ್ಷ ಆಫೀಸ್ ನಡಸೂ ರೀತಿ ಎಲ್ಲಾ ಇದ್ರಾಗ ಐತಿ," ಎಂದರು. "ನನಗೂ ವಾಚಾಕ ಬರೂದಿಲ್ಲ. ನಾಳೆ ನೀವು ಬರದಿದ್ರ ನಾವೇನು ಮಾಡೂದು?" ವಹಿ ಮುಚ್ಚಿ ಹೇಳಿದರು, "ಆಕಿ ಮನಿಗೆ ನೀವ ಹೋಗಿ ಕರಕೊಂಡು ಬರ್ರಿ. ಫೋನ್ ಮಾಡಬ್ಯಾಡ್ರಿ."

ಹೋದೆ. ಅವಳ ತಾಯಿಯ ಮುಂದೆ ಇನ್ನೊಮ್ಮೆ ಹೇಳಿದೆ. ಅವರು ಚಹಾ ಕೊಟ್ಟರು, ಮಾತು ಮಾತ್ರ ಎರಡೇ ಎರಡು. ವೈಶಾಲಿ ಸೋಮವಾರ ಬಂದಳು. ಕೆಲಸದ ಮಾತು ಬಿಟ್ಟು ಬೇರೆ ಮಾತು ಶುರುವಾಗಲು ಒಂದು ಮಳೆಗಾಲ ಕಳೆಯಿತು. ಅದು ಅವಳ ಹಕ್ಕು.

ಆ ಮಳೆಗಾಲದಲ್ಲಿ ನಾವಿಬ್ಬರೂ ಇಡೀ ವಹಿಯನ್ನು ಮರಾಠಿಗೆ ಇಳಿಸಿದೆವು. ನಾನು ಓದುವುದು, ಅವಳು ಬರೆಯುವುದು, ಆಮೇಲೆ ಅವಳು ಓದುವುದು, ನಾನು ನನ್ನ ಪುಟದಲ್ಲಿ ಗುರುತು ಹಾಕುವುದು. ನಡುವೆ ಯಾರ ಫೋನು ಬಂದರೂ ಎತ್ತಲಿಲ್ಲ. ನಿಜವಾದ ಪ್ರತಿ ತರುವ ರೂಢಿಯನ್ನೂ ನಿಲ್ಲಿಸಿದೆವು. ಮಾಹಿತಿ ನಮ್ಮ ಕಡೆಗೆ ಬರುವ ಮೊದಲೇ ಹೆಸರು ಮತ್ತು ನಂಬರು ಎರಡನ್ನೂ ಬದಲಿಸುವ ಪ್ರೋಗ್ರಾಂ ಅವಳೇ ಬರೆದಳು. ಹೆಸರಿಗೆ ರೋಗಿ ಒಂದು, ರೋಗಿ ಎರಡು ಎಂದಿಟ್ಟಳು. ಒಂದೇ ಹೆಸರಿನವರಿಗೆ ಅಂಕಿಯೂ ಒಂದೇ, ಹೀಗಾಗಿ ಹಳೆಯ ತೊಡಕುಗಳು ಹಾಗೇ ಉಳಿದು ಪರೀಕ್ಷೆಗೆ ಸಿಗುತ್ತಿದ್ದವು. ನಂಬರಿನ ಹತ್ತಿರ ಬಂದು ನಿಂತಳು.

"ಸುಳ್ಳ ನಂಬರ್ ಹಾಕೂಣೇನ್ರಿ?"

"ಹತ್ತು ಅಂಕಿ ಏನು ಬರದ್ರೂ ಅದು ಯಾರದಾರ ಮನೀದು ಇರ್ತೈತಿ," ಎಂದೆ. "ನಂದು ಹಾಕು."

ಅವಳು ನನ್ನ ಮುಖ ನೋಡಿದಳು. ನನ್ನ ನಂಬರನ್ನು ಬರೆದಳು. ಆ ದಿನ ಮಧ್ಯಾಹ್ನ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡಿದೆವು.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಡೇಟಾಬೇಸು, ಪ್ರೋಗ್ರಾಂ, ಅವಕ್ಕೆ ಬೇಕಾದ ಸಾಮಾನು ಎಲ್ಲವನ್ನೂ ಒಟ್ಟಿಗೆ ಕಟ್ಟಿಡುವ ವ್ಯವಸ್ಥೆ ಬಂತು. ನನ್ನ ಕಾಲದಲ್ಲಿ ಎರಡು ದಿನ ಹಿಡಿಯುತ್ತಿದ್ದ ಕೆಲಸ ಈಗ ಒಂದು ಆಜ್ಞೆ ಕೊಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ. ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಸೆಟ್ಟಿಂಗ್ ಫೈಲನ್ನು ಇವತ್ತಿಗೂ ಕೈಯಿಂದಲೇ ತುಂಬಬೇಕು. ಹೊಸಬರು ಬೇರೆಯವರ ಫೈಲಿನ ಪ್ರತಿ ಹೊಡೆದು, ಓದದೆ, ಚಾಲೂ ಮಾಡಿಬಿಡುತ್ತಾರೆ. ಅದನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆ ಫೈಲಿನಲ್ಲಿ ಹೌದು ಎಂಬ ಒಂದು ಶಬ್ದವನ್ನು ಅಲ್ಲ ಎಂದು ಬದಲಿಸಲು ಮರೆತರೆ ಬೋರಾಮಣಿಯಲ್ಲಿ ಒಬ್ಬರು ಬೆಳಗಿನ ಬಸ್ಸಿಗೆ ಕಾಯಬೇಕಾಗುತ್ತದೆ.

ನಿವೃತ್ತಿಯಾಗಿ ಈಗ ಅಕ್ಕಲಕೋಟದಲ್ಲಿದ್ದೇನೆ. ವಹಿ ನನ್ನ ಹತ್ತಿರವಿದೆ, ಮರಾಠಿಯದು ವೈಶಾಲಿಯ ಮೇಜಿನಲ್ಲಿದೆ. ಅಲ್ಲಿ ಈಗ ಅವಳೇ ಹಿರಿಯಳು. ಕಳೆದ ವಾರ ಮುಂಜಾನೆ ಹನ್ನೊಂದರ ಸುಮಾರಿಗೆ ಪಕ್ಕದ ಮನೆಯ ಸುಮಿತ್ರಾಬಾಯಿಯ ಜೊತೆ ಸೊಪ್ಪು ಸೋಸುತ್ತ ಕುಳಿತಿದ್ದೆ. ಮೊಬೈಲು ಒಂದೇ ಸಮನೆ ಗುಂಯ್‌ಗುಡತೊಡಗಿತು. ರೋಗಿ ಒಂದು ನಾಳೆ ಹತ್ತು ಗಂಟೆಗೆ ತಪಾಸಣೆಗೆ ಬರಬೇಕು. ರೋಗಿ ಎರಡು ಬರಬೇಕು. ರೋಗಿ ಮೂರು ಬರಬೇಕು.

ಸುಮಿತ್ರಾಬಾಯಿ ಇಣುಕಿ ನೋಡಿ ಗಾಬರಿಯಾದರು. "ಏನಾಗೇತ್ರಿ ನಿಮಗ? ದವಾಖಾನ್ಯಾಗಿಂದ ಇಷ್ಟ ಮೆಸೇಜ್?"

"ನನಗೇನೂ ಆಗಿಲ್ರಿ. ಆಫೀಸಿಗೆ ಯಾರೋ ಹೊಸಬರು ಬಂದಾರ," ಎಂದೆ.

ಹತ್ತು ನಿಮಿಷಕ್ಕೆ ವೈಶಾಲಿಯ ಫೋನು ಬಂತು. ದನಿಯಲ್ಲಿ ಸಂಕೋಚವಿತ್ತು.

"ಅಕ್ಕಾರ, ಮಾಫ್ ಮಾಡ್ರಿ. ಇಲ್ಲೊಬ್ರು ಒಂಬತ್ತನೇದು ಬಿಟ್ಟು ಚಾಲೂ ಮಾಡ್ಯಾರ. ನೀವು ರಿಟಾಯರ್ ಆಗಿ ಇಷ್ಟ ದಿನಾ ಆತು, ನಿಮಗ್ಯಾಕ ತ್ರಾಸು. ನಿಮ್ಮ ನಂಬರ್ ತಗದು ನಂದು ಹಾಕಲೇನ್ರಿ?"

"ಬ್ಯಾಡ," ಎಂದೆ. "ಇರ್ಲಿ. ನನಗ ಬರ್ಲಿ."

"ಆತ್ರಿ," ಎಂದು ಫೋನಿಟ್ಟಳು.

ಸುಮಿತ್ರಾಬಾಯಿ ಹೋದ ಮೇಲೆ ಚಸ್ಮಾ ಹಾಕಿಕೊಂಡು ಅವನ್ನೆಲ್ಲ ಮೊದಲಿನಿಂದ ಒಂದೊಂದಾಗಿ ಓದಿದೆ. ಎಲ್ಲವೂ ನನ್ನ ಹತ್ತಿರವೇ ಇದ್ದವು, ಬೋರಾಮಣಿಗೆ ಒಂದೂ ಹೋಗಿರಲಿಲ್ಲ.